ರಾಜ-ರಾಣಿಯ ಅಡಿಯಲ್ಲಿದ್ದ ವೋಟು

ಕುವೈತಿನ ಎಗೈಲಾದಲ್ಲಿ ನಾವಿರುವುದು ಒಬ್ಬ ಕುವೈತಿ ವಿಧವೆಯ ಮನೆಯ ಮಹಡಿಯಲ್ಲಿ. ಎಪ್ಪತ್ತು ದಾಟಿದ ಅವರನ್ನು ನಾನು ಇಲ್ಲಿಯವರಂತೆ ಮಾಮಾ, ಅಂದರೆ ಅಮ್ಮ, ಎನ್ನುತ್ತೇನೆ. ಅವರು ನನ್ನನ್ನು ಬಿಂತಿ, ಅಂದರೆ ಮಗಳೇ, ಎನ್ನುತ್ತಾರೆ. ಅವರ ಹರಕು ಹಿಂದಿ, ನನ್ನ ಮುರುಕು ಅರಬ್ಬಿ ಸೇರಿದರೆ ಒಂದು ಭಾಷೆ. ಪರದೇಶದಲ್ಲಿ ಇಂಥ ಮನೆಯೊಡತಿ ಸಿಕ್ಕಿದ್ದೂ ದೇವರ ದಯೆಯೇ.

ಕೆಲವು ವರ್ಷದ ಹಿಂದೆ ನವರಾತ್ರಿಯ ನಡುವೆಯೇ ಇಲ್ಲಿ ಸಂಸತ್ತಿನ ಚುನಾವಣೆ ಬಂತು. ನಮಗೆಲ್ಲಿಯ ವೋಟು? ನನ್ನದು ಗೊಂಬೆ ಕೂರಿಸುವ ಸಂಭ್ರಮ. ಮೇಲಿನ ಮೆಟ್ಟಿಲಿಗೆ ಎತ್ತರ ಸಾಲದಿದ್ದಾಗ ಮಾಮಾ ತಮ್ಮ ಹಳೇ ತಗಡಿನ ಪೆಟ್ಟಿಗೆ ಕಳಿಸಿದರು. ಬಿಳಿ ಪಂಚೆ ಹೊದಿಸಿ ಅದರ ಮೇಲೆ ಪಟ್ಟದ ರಾಜ-ರಾಣಿಯನ್ನು ಕೂರಿಸಿದೆ.

ಮತದಾನದ ದಿನ ಮಧ್ಯಾಹ್ನ ಮಾಮಾ ಏದುಸಿರು ಬಿಡುತ್ತ ಮೇಲೆ ಬಂದರು.

“ಬಿಂತಿ, ನನ್ನ ಕಾಗದ ಆ ಪೆಟ್ಟಿಗೇಲಿದೆ!”

ಪೌರತ್ವದ ಮೂಲಪತ್ರ ತೋರಿಸದೆ ಇಲ್ಲಿ ವೋಟು ಹಾಕುವಂತಿಲ್ಲ. ‘ನನ್ನ ಹತ್ತಿರ ಜೋಪಾನವಾಗಿರಲಿ, ಕೊಡು’ ಎಂದು ಅವರ ಅಣ್ಣ ಕೇಳಿದ್ದರಂತೆ. ಮಾಮಾ ಅದನ್ನು ಪೆಟ್ಟಿಗೆಯ ತಳದ ಹಾಳೆಯಡಿ ಬಚ್ಚಿಟ್ಟು, ಮರೆತು, ಪೆಟ್ಟಿಗೆಯನ್ನೇ ನನಗೆ ಕೊಟ್ಟಿದ್ದರು.

“ಇಷ್ಟು ವರ್ಷ ಅಣ್ಣ ಹೇಳಿದವರಿಗೇ ಹಾಕಿದೆ. ಈ ಸಲ ನನಗೆ ಬೇಕಾದವರಿಗೆ.”

ಕೂರಿಸಿದ ಗೊಂಬೆಯನ್ನು ವಿಜಯದಶಮಿಗೆ ಮುಂಚೆ ಅಲುಗಿಸಬಾರದೆಂಬುದು ನಮ್ಮತ್ತೆಯ ಕಟ್ಟಪ್ಪಣೆ. ಒಮ್ಮೆಯೂ ಮೀರಿದವಳಲ್ಲ. ನಾನು ಪೆಟ್ಟಿಗೆಯ ಮೇಲಿನ ರಾಜ-ರಾಣಿಯ ಕಡೆ ನೋಡಿದೆ. ಮಾಮಾ ಒತ್ತಾಯಿಸಲಿಲ್ಲ.

“ನಿನ್ನ ದೇವರಿಗೆ ಬೇಜಾರಾಗೋದಾದ್ರೆ ಬೇಡ. ಖಲಾಸ್” ಎಂದು ಬಾಗಿಲ ಕಡೆ ತಿರುಗಿದರು.

ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ಚಾಮುಂಡಿ ತಾಯಿಗೆ ಹೆಣ್ಣಿನ ಮನಸ್ಸು ತಿಳಿಯದೇ? ಕಳಶ ಬೇರೆ ಮಣೆಯ ಮೇಲಿತ್ತು, ಅದೊಂದು ಪುಣ್ಯ. ಆರತಿ ಎತ್ತಿ, ತಪ್ಪಾಯ್ತಮ್ಮ ಎಂದು ಕೆನ್ನೆ ಬಡಿದುಕೊಂಡು, ರಾಜನಿಗೆ ಕೈ ಹಾಕಿದೆ.

ರಜೆಯೆಂದು ಮನೆಯಲ್ಲೇ ಇದ್ದ ನಮ್ಮ ಯಜಮಾನರು ನಕ್ಕರು. “ವೋಟಿಗೋಸ್ಕರ ರಾಜನ್ನೇ ಇಳಿಸ್ತಿದೀಯಲ್ಲೇ!”

“ಶ್! ಕಿಟಕಿ ತೆಗೆದಿದೇರೀ, ಇದು ದೊರೆ ಆಳೋ ದೇಶ. ಸುಮ್ನೆ ರಾಣೀನ ಹಿಡ್ಕೊಳ್ಳಿ.”

ರಾಜ-ರಾಣಿ ಸೋಫಾ ಏರಿದರು, ಕಾಗದ ಸಿಕ್ಕಿತು. ಮಾಮಾ ನನ್ನ ಹಣೆಗೆ ಮುತ್ತಿಟ್ಟು, “ಯಲ್ಲಾ, ಹೊರಡೋಣ!” ಎಂದು ಹುಡುಗಿಯ ಹಾಗೆ ಮೆಟ್ಟಿಲಿಳಿದರು. ಹೆಂಗಸರು ವೋಟು ಹಾಕುವ ಶಾಲೆಯವರೆಗೆ ನಮ್ಮವರೇ ಕಾರಿನಲ್ಲಿ ಬಿಟ್ಟು ಬಂದರು.

ಸಂಜೆ ಮಾಮಾ ಖರ್ಜೂರದ ತಟ್ಟೆ ಹಿಡಿದು ಮತ್ತೆ ಮೇಲೆ ಬಂದರು. ಮುಖದಲ್ಲಿ ಹಬ್ಬ.

“ಯಾರಿಗೆ ಹಾಕಿದ್ರಿ ಮಾಮಾ?”

“ಅಣ್ಣನಿಗೇ ಹೇಳಿಲ್ಲ, ನಿಂಗೆ ಹೇಳ್ತೀನಾ? ನಿಮ್ಮ ರಾಜನಿಗೆ ಕೋಪ ಬಂತಾ?”

“ಎಲ್ಲಿಯ ಕೋಪ! ಸೋಫಾ ಬಿಟ್ಟು ಏಳೋಕೇ ಮನಸ್ಸಿರ್ಲಿಲ್ಲ.”

ಆ ಸಂಸತ್ತು ಬಹಳ ದಿನ ಬಾಳಲಿಲ್ಲ. ಮತ್ತೆ ಚುನಾವಣೆ, ಮತ್ತೆ ವಿಸರ್ಜನೆ. ಈಗಂತೂ ಸಂಸತ್ತೇ ಇಲ್ಲ. ಪೆಟ್ಟಿಗೆ ಮಾತ್ರ ಪ್ರತಿ ನವರಾತ್ರಿಗೂ ತಪ್ಪದೆ ಮೇಲೆ ಬರುತ್ತದೆ. ಮಾಮಾ ತಾವೇ ಮುಚ್ಚಳ ತೆಗೆದು ತಳದ ಹಾಳೆ ಎತ್ತಿ ತೋರಿಸುತ್ತಾರೆ.

“ನೋಡ್ಕೋ, ಏನಿಲ್ಲ. ಕಾಗದ ನನ್ನ ಕೈಚೀಲದಲ್ಲಿದೆ. ವೋಟಿಗೆ ಮತ್ತೆ ಯಾವತ್ತು ಕರೀತಾರೋ!”