ಎರಡನೇ ಕ್ಯಾಸೆಟ್ಟಿಗೆ ಬಿದ್ದ ಮಾತು

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವ ಕೆಲಸ. ನನ್ನ ಕೈಯಿಂದ ಹೊರಟ ಮಾಲು ಅಳತೆ ತಪ್ಪಿತೆಂದು ಒಂದೂ ವಾಪಸ್ ಬಂದದ್ದಿಲ್ಲ. ಎಂಬತ್ತರ ದಶಕದಲ್ಲಿ ತುಮಕೂರಿನಲ್ಲಿ ಮೂವರು ಸೇರಿ ಆರ್ಕೆಸ್ಟ್ರಾ ಕಟ್ಟಿದ್ದೆವು. ಕೀಬೋರ್ಡ್ ನನ್ನದು. ಹಾಡುವವಳು ಗುಬ್ಬಿ ಕಡೆಯ ಹೆಣ್ಣುಮಗಳು, ಸೋಬಾನೆ ಹೇಳಿಕೊಂಡೇ ಬೆಳೆದವಳು. ಡೋಲಕ್ ನುಡಿಸುತ್ತಿದ್ದ ಗೆಳೆಯ ಕುಣಿಗಲ್‌ನವನು. ಸೋಬಾನೆ ಧಾಟಿಯ ನಮ್ಮ ಮೊದಲ ಕ್ಯಾಸೆಟ್ಟನ್ನು ಜನ ಮೆಚ್ಚಿದರು, ಬಸ್ಸುಗಳಲ್ಲಿ ಹಾಕಿದರು.

ಎರಡನೆಯದಕ್ಕೆ ಡೋಲಕ್ಕೇ ಬೇಡ ಎಂದು ಹಟ ಹಿಡಿದೆ. ಹೊಸ ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ತಾಳ ತಾನೇ ಬರುತ್ತಿತ್ತು, ಕೂದಲೆಳೆಯಷ್ಟೂ ತಪ್ಪದೆ.

“ಆವಮ್ಮ ಸಾಲು ಮುಗ್ಸಿ ಒಸಿ ನಿಲ್ತಾಳೆ ಕಣಣ್ಣ. ನಿನ್ ಮಿಷಿನ್ ನಿಲ್ತದಾ?” ಎಂದು ಗೆಳೆಯ ಕೇಳಿದ.

“ಅವ್ಳು ನಿಲ್ಲೋದೇ ತಪ್ಪು ಕಣೋ” ಎಂದೆ.

ಅವನು ಡೋಲಕ್ ಎತ್ತಿಕೊಂಡು ಊರಿನ ಬಸ್ಸು ಹತ್ತಿದ.

ಕ್ಯಾಸೆಟ್ ಹೊರಬಂದ ಮೇಲೆ ತುಮಕೂರಿನ ಪತ್ರಿಕೆಯೊಂದರಲ್ಲಿ ವಿಮರ್ಶೆ ಬಂತು. ಸದ್ದು ಹೊಸದು, ಆದರೆ ಹಾಡಿಗೆ ಏನೋ ಅವಸರ, ಮೊದಲಿನ ನೆಮ್ಮದಿ ಇಲ್ಲ ಎಂದು ಬರೆದಿದ್ದರು. ನಾಲ್ಕು ಸಲ ಓದಿದೆ. ಕುರ್ಚಿಯಲ್ಲಿ ಕೂತು ಬರೆಯುವವರಿಗೆ ತಾಳ ಏನು ಗೊತ್ತು ಎಂದು ಕುದಿದೆ. ಮನೆ ಹತ್ತಿರ, ಬಟವಾಡಿ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಯಾರಾದರೂ ಆ ಪತ್ರಿಕೆ ಬಿಡಿಸಿದರೆ ಅರ್ಧ ಟೀ ಬಿಟ್ಟು ಏಳುತ್ತಿದ್ದೆ. ಕೊನೆಗೆ ತಡೆಯಲಾರದೆ ಗುಬ್ಬಿ ಬಸ್ಸು ಹತ್ತಿ, ಪರಿಚಯದ ಡ್ರೈವರ್ ಕೈಗೆ ಕ್ಯಾಸೆಟ್ ಕೊಟ್ಟೆ. ನನ್ನದೆಂದು ಹೇಳಬೇಡ ಎಂದೆ. ಪೇಪರಿನವರದು ಸುಳ್ಳೆಂದು ಜನರ ಬಾಯಿಂದಲೇ ಕೇಳಬೇಕಿತ್ತು.

ಮುಂದಿನ ಸೀಟುಗಳ ಹೆಂಗಸರು ತಲೆಯಾಡಿಸಿದರು. ಸಾಲು ಮುಗಿದದ್ದೇ ತಾವೂ ಅದನ್ನು ಎತ್ತಿಕೊಂಡು ಹಾಡಲು ಬಾಯಿ ತೆರೆದರು. ಅಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿತ್ತು. ಮತ್ತೆ ತೆರೆದರು, ಮತ್ತೆ ತಪ್ಪಿತು.

“ಏನ್ ಡ್ರೈವರಪ್ಪ, ಇವ್ಳ ಹಿಂದೆ ನಾಯಿ ಬಿದ್ದೈತಾ?” ಎಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು. “ಸೋಬಾನೇಲಿ ಒಬ್ಳು ಹೇಳಿ ನಿಲ್ಸಬೇಕು, ಮಿಕ್ಕೋರು ಎತ್ಕೋಬೇಕು. ಇವ್ಳೊಬ್ಳೇ ಹೇಳ್ಕೊಂಡ್ ಹೋದ್ರೆ ನಾವ್ಯಾಕಪ್ಪ? ಹಳೇದ್ನೇ ಹಾಕು.”

ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, ನಮ್ಮ ಮೊದಲ ಕ್ಯಾಸೆಟ್ಟನ್ನೇ ಹಾಕಿದ. ಬಸ್ಸೆಲ್ಲ ಹಾಡಿತು. ನಮ್ಮ ಹಾಡುವವಳು ನಿಲ್ಲುತ್ತಿದ್ದದ್ದು ಇವರಿಗಾಗಿ; ಗೆಳೆಯನ ಕೈ ಆ ಜಾಗವನ್ನು ಕಾಯುತ್ತಿತ್ತು. ನಾನು ಅದನ್ನು ಸಂದು ಎಂದುಕೊಂಡು ಮುಚ್ಚಿದ್ದೆ.

ಭಾನುವಾರ ಕುಣಿಗಲ್‌ಗೆ ಹೋದೆ. ಅವನು ಅಂಗಳದಲ್ಲಿ ಡೋಲಕ್ಕಿನ ಹಗ್ಗ ಬಿಗಿಯುತ್ತಿದ್ದ.

“ಮೂರನೇದು ಮಾಡಣ ಬಾರೋ.”

“ಯಾಕಣ್ಣ, ಮಿಷಿನ್ ಕೆಟ್ಟೋಯ್ತಾ?”

“ಚೆನ್ನಾಗೇ ಐತೆ” ಎಂದೆ. ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ.

ಅವನು ಹಗ್ಗ ಬಿಟ್ಟು ನನ್ನ ಮುಖ ನೋಡಿದ. ಆಮೇಲೆ ಹಗ್ಗದ ಕಡೆ ತಿರುಗಿ, “ಬೇರೆ ಟೀಮ್‌ಗೆ ಒಪ್ಕೊಂಡಿದೀನಿ” ಎಂದ. “ನೀನು ಮಾಡು. ಆವಮ್ಮ ಹಾಡೋವಾಗ ಅವ್ಳ ಮುಖ ನೋಡು, ಅಷ್ಟೇ. ನಿಲ್ಲೋ ಮುಂಚೆನೇ ಗೊತ್ತಾಯ್ತದೆ.”

“ಗೊತ್ತು ಬುಡು” ಎಂದು ಎದ್ದುಬಿಟ್ಟೆ. ಎರಡು ಕ್ಯಾಸೆಟ್ ಮಾಡಿದರೂ ಕೀಬೋರ್ಡಿನಿಂದ ನಾನು ಒಮ್ಮೆಯೂ ಕಣ್ಣೆತ್ತಿರಲಿಲ್ಲ.