ಅರ್ಧ ಸಾರಣೆಯ ಗೋಡೆ

ನಂಬದಿದ್ದರೆ ಪಂಥ ಕಟ್ಟಿ. ಮಂಗಳೂರಿನಲ್ಲಿ ನನ್ನಷ್ಟು ನಯವಾಗಿ ಸಾರಣೆ ಮಾಡುವವನಿಲ್ಲ. ಅಂಥ ನನ್ನ ಕೈಯನ್ನೇ ಒಂದು ಜೇನು ತಡೆಯಿತು.

ವಾಮಂಜೂರಿನಲ್ಲಿ ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯುತ್ತಿದ್ದೆ. ಪಕ್ಕದ ಮನೆಯ ಕಾಲೇಜು ಟೀಚರ್ ಓಡಿ ಬಂದರು.

"ನಿಲ್ಲಿಸಿ ಮಾರಾಯ್ರೆ. ಈ ತೂತುಗಳಲ್ಲಿ ಮಣ್ಣು ಕೊರೆಯುವ ಜೇನಿನ ಗೂಡು ಉಂಟು. ಕೋಗಿಲೆ ಜೇನು ಅದರಲ್ಲೇ ಕದ್ದು ಮೊಟ್ಟೆ ಇಡ್ತದೆ. ಅದೀಗ ಅಪರೂಪ. ಗೋಡೆ ಮುಚ್ಚಿದರೆ ಎರಡೂ ಹೋಗ್ತವೆ."

"ಕಳ್ಳ ಜೇನಿಗೆ ಎಂತ ಉಪಚಾರ?" ಎಂದೆ.

ಅಷ್ಟರಲ್ಲಿ ಕಪ್ಪು ಮೈಮೇಲೆ ನೀಲಿ ಚುಕ್ಕೆಗಳಿದ್ದ ಆ ಕಳ್ಳ ಜೇನೇ ಒಂದು ತೂತಿಗೆ ನುಗ್ಗಿತು. ಊರಲ್ಲಿ ಅಜ್ಜಿ ಗೋಡೆಗೆ ಕೆಮ್ಮಣ್ಣು ಬಳಿಯುವಾಗ ಇಂಥ ತೂತುಗಳನ್ನು ಬಿಟ್ಟೇ ಬಳಿಯುತ್ತಿದ್ದರು. "ಬಾಣಂತಿ ಕೋಣೆ ಮುಚ್ಚಬಾರದು ಮಗಾ" ಎನ್ನುತ್ತಿದ್ದರು.

ತೂತಿದ್ದ ಬದಿಯನ್ನು ಹಾಗೇ ಬಿಟ್ಟೆ. ಮನೆಯ ಯಜಮಾನ ಶೆಟ್ಟರು ನೋಡಿ, "ಅರ್ಧ ಗೋಡೆಗೆ ಪೂರ್ತಿ ಚಾ ಉಂಟಾ?" ಎಂದರು.

ಕೊನೆಗೆ ನನಗೆ ಸಿಕ್ಕಿದ್ದು ಅರ್ಧ ಗ್ಲಾಸ್ ಚಾ.