ಅಡ್ಡಬಿದ್ದೆ ಎಂದವರಿಗೆ ಏನನ್ನಬೇಕು

ಅರೇಹಳ್ಳಿ ಕಡೆಯ ಕಾಫಿ ತೋಟದ ಇಂಗ್ಲಿಷ್ ದೊರೆಸಾನಿಗೆ ಕನ್ನಡ ಹೇಳಿಕೊಡಲು ನಾನು ಒಪ್ಪಿದ್ದು ವಾದ ಮಾಡುವ ಆಸೆಯಿಂದ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದವಳು. ಮಡಿ, ಮರ್ಯಾದೆ, ಬಹುವಚನ ಯಾವುದನ್ನು ಕೊಟ್ಟರೂ ಪೊಳ್ಳೆಂದು ಸಾಧಿಸಬಲ್ಲೆ ಎಂಬ ನಂಬಿಕೆಯಿತ್ತು. ಅರಸೀಕೆರೆಯ ನಮ್ಮ ಮನೆಯಲ್ಲಂತೂ ನನ್ನೆದುರು ವಾದಕ್ಕೆ ಕೂರುವವರು ಯಾರೂ ಉಳಿದಿರಲಿಲ್ಲ.

ಹೋಗಿ ನೋಡಿದರೆ ಆಕೆಗೆ ಕನ್ನಡ ಆಗಲೇ ಬರುತ್ತಿತ್ತು, ತೋಟದ ಆಳು ಹೆಂಗಸರಿಂದ ಕಲಿತ ಕನ್ನಡ. ಬೆಳ್ಳಿ ಚಮಚಗಳನ್ನು ಸಾಲಾಗಿಟ್ಟ ಮೇಜಿನ ಮುಂದೆ ಕೂತು, ಯಾವುದನ್ನು ಮೊದಲು ಎತ್ತಬೇಕೆಂದು ನನಗೆ ಕಣ್ಣಲ್ಲೇ ತೋರಿಸಿ, ‘ಸಾರು ಬಿಸಿ ಐತೆ, ಮೆಲ್ಲಕೆ ಉಣ್ಣವ್ವ’ ಎನ್ನುವಳು.

ಇಷ್ಟು ಕಾಲ ಇಲ್ಲಿದ್ದರೂ ಈ ಸೀಮೆಯ ಒಂದು ಮನೆಯೂ ಆಕೆಯನ್ನು ಒಳಗೆ ಕರೆದಿರಲಿಲ್ಲ. ಒಂದು ದಿನ ಕೇಳಿದಳು: ‘ನಿಮ್ಮೋರ ಮನೇಲಿ ಒಂದ್ಸಲ ಕುಂತ್ಕೊಂಡು ಮಾತಾಡ್ಬೇಕು. ಆಯ್ತದಾ?’

ಹಳೇಬೀಡಿನಲ್ಲಿದ್ದ ನನ್ನ ದೊಡ್ಡಮ್ಮನನ್ನು ಒಪ್ಪಿಸಿದೆ. ‘ಹಜಾರದ ತನಕ ಬರಲಿ,’ ಎಂದಳು ದೊಡ್ಡಮ್ಮ. ‘ನಡವಳಿಕೆ ನೋಡ್ತೀನಿ. ಇನ್ನೊಂದು ಸಲ ಕರೆಯೋದು ಬಿಡೋದು ಆಮೇಲೆ.’

ಬಲಗೈಯಲ್ಲೇ ತೆಗೆದುಕೊಳ್ಳುವುದು, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು, ಎಲ್ಲ ದೊರೆಸಾನಿಗೆ ಅಭ್ಯಾಸ ಮಾಡಿಸಿದೆ. ಯುದ್ಧದ ಕಾಲ, ಪೆಟ್ರೋಲು ಇರಲಿಲ್ಲ. ಬೇಲೂರಿನಿಂದ ಇದ್ದಿಲ ಬಸ್ಸಿನಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಬಂದಳು. ಹೊರಗೇ ಬೂಟು ಬಿಚ್ಚಿ, ಕಾಲು ತೊಳೆದು, ಚಾಪೆಯ ಮೇಲೆ ಕೂತಳು. ಕಾಫಿಯನ್ನು ಒಂದು ಹನಿ ಚೆಲ್ಲದೆ ಕುಡಿದಳು. ದೊಡ್ಡಮ್ಮನ ಮುಖ ಸಡಿಲವಾಯಿತು. ನನಗೂ ಜೀವ ಬಂತು.

ಅಷ್ಟರಲ್ಲಿ ದೊಡ್ಡಮ್ಮನ ಹೊಲದಲ್ಲಿ ದುಡಿಯುವ ಮುದುಕಿ ಅವರೆಕಾಯಿ ಬುಟ್ಟಿ ಹೊತ್ತು ಅಂಗಳಕ್ಕೆ ಬಂದಳು. ಮೆಟ್ಟಿಲಿನಿಂದ ದೂರವೇ ನಿಂತು, ‘ಅಡ್ಡಬಿದ್ದೆ ಅಮ್ಮಾವ್ರೇ’ ಎಂದಳು.

ದೊರೆಸಾನಿ ತಟಕ್ಕನೆ ಎದ್ದಳು. ಮೆಟ್ಟಿಲ ತನಕ ಹೋಗಿ, ಕೈಮುಗಿದು, ‘ಅಡ್ಡಬಿದ್ದೆ ಅಮ್ಮಾವ್ರೇ’ ಎಂದಳು.

ಮುದುಕಿ ಬುಟ್ಟಿಸಮೇತ ಹಿಂದಕ್ಕೆ ಸರಿದಳು. ‘ನಂಗ್ಯಾಕ್ರವ್ವ ಅಡ್ಡಬೀಳ್ತೀರಿ? ನಾನ್ಯಾವ ಸೀಮೆ ಅಮ್ಮಾವ್ರು?’

‘ಇದೇನೇ ನೀನು ಹೇಳ್ಕೊಟ್ಟ ಪಾಠ?’ ದೊಡ್ಡಮ್ಮ ನನ್ನತ್ತ ತಿರುಗಿದಳು. ಕೆಟ್ಟಿತು, ಇನ್ನು ಈಕೆಗೆ ಈ ಮನೆಯಿಲ್ಲ ಎಂದುಕೊಂಡೆ.

‘ಅದನ್ನ ನೀವು ಹೇಳಬಾರದು,’ ಎಂದು ದೊರೆಸಾನಿಗೆ ಪಿಸುಗುಟ್ಟಿದೆ.

‘ಯಾಕೆ? ನಮ್ಮೂರಾಗೆ ಗುಡ್ ಮಾರ್ನಿಂಗ್ ಅಂದ್ರೆ ಗುಡ್ ಮಾರ್ನಿಂಗ್ ಅನ್ನಬೇಕು. ಸುಮ್ಕಿದ್ರೆ ಮರ್ವಾದೆ ಇಲ್ದೋಳು ಅಂತಾರೆ. ತೋಟದಾಗೂ ಇಂಗೇ ಅಂತೀನಿ, ಎಲ್ಲಾ ನಗ್ತಾರೆ. ಸಂತೋಸಕ್ಕೆ ಅಂದ್ಕೊಂಡಿದ್ದೆ.’ ಸ್ವಲ್ಪ ತಡೆದು, ‘ಸರಿ, ತಿರುಗ ಏನನ್ಬೇಕು? ಏಳ್ಕೊಡು’ ಎಂದಳು.

ನಾನು ಬಾಯಿ ತೆರೆದೆ. ನಮಸ್ಕಾರಕ್ಕೆ ನಮಸ್ಕಾರವಿದೆ. ನಮ್ಮ ಮಕ್ಕಳು ಕಾಲಿಗೆ ಬಿದ್ದರೆ ಹರಸುವ ಮಾತಿದೆ. ಇದಕ್ಕೆ? ಹುಟ್ಟಿದಾಗಿನಿಂದ ಕೇಳುತ್ತ ಬಂದ ಮಾತು. ಅದಕ್ಕೊಂದು ಮರುಮಾತನ್ನು ಯಾರ ಬಾಯಲ್ಲೂ ಕೇಳಿದ ನೆನಪಿಲ್ಲ. ಇಷ್ಟು ದೊಡ್ಡ ಭಾಷೆಯಲ್ಲಿ ಯಾರೂ ಅದನ್ನು ಮಾಡಿಕೊಂಡೇ ಇರಲಿಲ್ಲ. ಅಲ್ಲೇ ಹತ್ತಿರದ ಗುಡಿಯ ಗೋಡೆಗಳೆದುರು ಯಾತ್ರಿಕರು ಬಾಯಿಬಿಟ್ಟು ನಿಲ್ಲುವುದನ್ನು ಕಂಡು ಅಣಕಿಸುತ್ತಿದ್ದವಳು ನಾನು. ಆವತ್ತು ಹಜಾರದಲ್ಲಿ ಹಾಗೆಯೇ ನಿಂತಿದ್ದೆ.

‘ದೊಡ್ಡಮ್ಮ, ಏನನ್ನಬೇಕು?’

‘ಅದಕ್ಕೇನನ್ನೋದು…’ ದೊಡ್ಡಮ್ಮ ಹುಬ್ಬುಗಂಟಿಕ್ಕಿದಳು. ‘ನಮ್ಮತ್ತೆ ಏನಂತಿದ್ರು?’ ಬಹಳ ಹೊತ್ತು ಯೋಚಿಸಿದಳು. ‘ಏನೂ ಅಂತಿರಲಿಲ್ಲ ಕಣೇ.’

ಅಂಗಳದಿಂದ ಮುದುಕಿ ಕೂಗಿದಳು: ‘ಕತ್ತು ಬಿದ್ದೋಯ್ತದೆ, ಅವರೇಕಾಯಿ ಎಲ್ಲಿ ಸುರೀಲಿ?’

‘ಸುರಿಯುವಿಯಂತೆ. ಮೊದಲು ಇಳಿಸಿ ನೆರಳಲ್ಲಿ ಕೂತ್ಕೋ,’ ಎಂದಳು ದೊಡ್ಡಮ್ಮ.

ಮುದುಕಿ ಅನುಮಾನದಿಂದಲೇ ಮೆಟ್ಟಿಲ ಪಕ್ಕ ಕೂತಳು.

ಹೊರಡುವಾಗ ದೊರೆಸಾನಿಯ ಕೈಗೆ ತೆಂಗಿನಕಾಯಿ, ಹೂವು ಕೊಟ್ಟು ದೊಡ್ಡಮ್ಮ, ‘ಬರೋ ಶುಕ್ರವಾರವೂ ಬನ್ನಿ’ ಎಂದಳು. ಮುಂದಿನ ಸಲ ಕರೆಯುವುದೋ ಬಿಡುವುದೋ ಎಂದವಳು.

‘ಬತ್ತೀನಿ. ಅಡ್ಡಬಿದ್ದೆ ಅಮ್ಮಾವ್ರೇ.’

ದೊರೆಸಾನಿ ಕಾಯುತ್ತ ನಿಂತಳು. ಮೆಟ್ಟಿಲ ಪಕ್ಕದಿಂದ ಮುದುಕಿಯೂ ಕತ್ತೆತ್ತಿ ಕಾಯುತ್ತಿದ್ದಳು.

‘ನಾನೂನು ಕಣಮ್ಮ,’ ಎಂದಳು ದೊಡ್ಡಮ್ಮ.